ಮಳೆ ಹಿಡಿಯುವ ಮೊದಲು: ಮಕ್ಕಳಿಗೆ ಫ್ಲೂ ಲಸಿಕೆ ಹಾಕಿಸಿದ ನನ್ನ ಅನುಭವ

2022ರ ಆಗಸ್ಟ್. ಮಗನಿಗೆ ಆರು ವರ್ಷ, ಮಗಳಿಗೆ ನಾಲ್ಕು ತಿಂಗಳು. ಮಗನಿಗೆ ಮೂರನೇ ವರ್ಷದಿಂದಲೇ ಉಬ್ಬಸ. ನಮ್ಮದು ಸಾಗರದ ಸೀಮೆ, ಮಳೆ ಹಿಡಿಯಿತೆಂದರೆ ಇನ್ಹೇಲರ್ ಕೈಗೆ ಸಿಗುವಲ್ಲೇ ಇರಬೇಕು. ಆ ದಿನ ಶಾಲೆಯಿಂದ ಬಂದವನು ಚೀಲ ಇಳಿಸುವ ಮೊದಲೇ "ಅಮ್ಮಾ, ಕಾಲೆಲ್ಲ ನೋಯ್ತಾ ಇದೆ" ಅಂದ. ರಾತ್ರಿ ಹೊತ್ತಿಗೆ 103 ಡಿಗ್ರಿ ಜ್ವರ. ಮೂರನೇ ದಿನ ಪಕ್ಕೆ ಸೆಳೆಯತೊಡಗಿತು. ಇವರು ಅವನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೊರಟರು. ಹಾಲು ಕುಡಿಯುವ ಕೂಸು ಇದ್ದದ್ದರಿಂದ ನಾನು ಮನೆಯಲ್ಲೇ ಉಳಿದೆ. ಎರಡು ರಾತ್ರಿ ಅವನಿಗೆ ಆಕ್ಸಿಜನ್ ಕೊಟ್ಟರು. ಮಾಸ್ಕ್ ಹಾಕಿಕೊಂಡು ಮಲಗಿದ್ದ ಅವನ ಮುಖವನ್ನು ನಾನು ನೋಡಿದ್ದು ವಿಡಿಯೋ ಕಾಲ್‌ನಲ್ಲಿ. ಮೂಗಿನ ದ್ರವದ ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎ, ಅಂದರೆ ಫ್ಲೂ ಅಂತ ಬಂತು.

ನನ್ನ ಭಯ ಆಗ ಎರಡು ಕಡೆ ಹರಿದು ಹಂಚಿತ್ತು. ಅವನ ಪಕ್ಕದಲ್ಲೇ ಮಲಗುತ್ತಿದ್ದ ಕೂಸಿಗೂ ಅಂಟಿದರೆ? ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ, ಅವಳಿಗಾದರೂ ಇವತ್ತೇ ಲಸಿಕೆ ಹಾಕಿಬಿಡಿ ಅಂದೆ. "ಆರು ತಿಂಗಳು ತುಂಬದ ಮಗುವಿಗೆ ಫ್ಲೂ ಲಸಿಕೆ ಕೊಡೋ ಹಾಗಿಲ್ಲಮ್ಮ. ಮನೆಯವರು ಹಾಕಿಸ್ಕೊಂಡಿರಬೇಕು, ಅದೇ ಅದಕ್ಕೆ ಕಾವಲು. ನೀವು ಬಸುರಿಯಲ್ಲಿ ಹಾಕಿಸ್ಕೊಂಡಿದ್ರೆ ನಿಮ್ಮಿಂದ ಅದಕ್ಕೂ ಸ್ವಲ್ಪ ರಕ್ಷಣೆ ಹೋಗ್ತಿತ್ತು" ಅಂದರು. ಒಂಬತ್ತು ತಿಂಗಳು ತಪ್ಪದೆ ತಪಾಸಣೆಗೆ ಹೋದವಳು ನಾನು. ಈ ಒಂದು ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ಆ ಬೇಸರ ಇವತ್ತಿಗೂ ಹೋಗಿಲ್ಲ. ಪುಣ್ಯಕ್ಕೆ ಕೂಸಿಗೆ ಏನೂ ಆಗಲಿಲ್ಲ.

ಮಗ ಮನೆಗೆ ಬಂದ ಮೇಲೆ ತಾಯಿ ಕಾರ್ಡು ಮತ್ತು ಅವನ ಹಳೆಯ ಲಸಿಕೆ ಪುಸ್ತಕ ಹಿಡಿದು ಕೂತೆ. ಪುಸ್ತಕದಲ್ಲಿ 'ಹಿಮೋಫಿಲಸ್ ಇನ್‌ಫ್ಲುಯೆಂಜೆ ಬಿ' ಅಂತ ಇತ್ತು, ಮೂರು ಡೋಸಿಗೂ ಗುರುತು ಬಿದ್ದಿತ್ತು. ಹಾಗಾದರೆ ಇವನಿಗೆ ಫ್ಲೂ ಲಸಿಕೆ ಆಗಿದೆಯಲ್ಲ, ಆದರೂ ಯಾಕೆ ಬಂತು? ಈ ಗೊಂದಲ ಬಹಳ ತಾಯಂದಿರಿಗೆ ಇದೆ ಅನ್ನುವುದು ಆಮೇಲೆ ಗೊತ್ತಾಯಿತು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಅದು ಫ್ಲೂ ಅಲ್ಲವೇ ಅಲ್ಲ. ಅದೊಂದು ಬ್ಯಾಕ್ಟೀರಿಯಾ, ಮಿದುಳು ಪೊರೆಯ ಜ್ವರ ಮತ್ತು ನ್ಯುಮೋನಿಯಾ ತರುವಂಥದ್ದು. 1890ರ ದಶಕದಲ್ಲಿ ಫ್ಲೂಗೆ ಇದೇ ಕಾರಣ ಎಂದು ತಪ್ಪಾಗಿ ತಿಳಿದು ಆ ಹೆಸರಿಟ್ಟರು. ಮನುಷ್ಯರ ಫ್ಲೂ ವೈರಸ್ ಸಿಕ್ಕಿದ್ದು 1933ರಲ್ಲಿ, ಅಷ್ಟು ಹೊತ್ತಿಗೆ ಹೆಸರು ನಿಂತುಬಿಟ್ಟಿತ್ತು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕುವ ಪೆಂಟಾ ಚುಚ್ಚುಮದ್ದಿನಲ್ಲಿ ಇರುವುದು ಅದಕ್ಕೆ ಲಸಿಕೆ. ಫ್ಲೂ ಲಸಿಕೆ ಸರ್ಕಾರದ ಪಟ್ಟಿಯಲ್ಲಿ ಇಲ್ಲ. ನಮ್ಮೂರಿನ ಆಶಾ ಕಾರ್ಯಕರ್ತೆಯೂ "ಅದು ನಮ್ಮಲ್ಲಿ ಬರಲ್ಲ ಅಕ್ಕ, ಪ್ರೈವೇಟಲ್ಲೇ ಹಾಕಿಸ್ಬೇಕು" ಅಂದಳು.

ಮನೆಯಲ್ಲಿ ಮಾತು ಶುರುವಾಯಿತು. ಮಾವ ಸುಮ್ಮನೆ ಬೇಡ ಅನ್ನುವವರಲ್ಲ. ಅವರಿಗೆ ಕಾರಣ ಇತ್ತು, ಮಲೆನಾಡಿನವರಿಗೆ ಮಾತ್ರ ಅರ್ಥವಾಗುವ ಕಾರಣ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ, ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. 2019ರ ಆರಂಭದಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸಾಯುತ್ತಿದ್ದ ಸುದ್ದಿ ಕೇಳಿ ನಾವು ದರಕು ತರಲೂ ಕಾಡಿಗೆ ಹೋಗಿರಲಿಲ್ಲ. ಮಾವ ಆ ಕಾಯಿಲೆಯ ಇಂಜೆಕ್ಷನ್ನನ್ನು ಎರಡು ಸಲ ಹಾಕಿಸಿಕೊಂಡು, ಬೂಸ್ಟರ್ರೂ ಹಾಕಿಸಿಕೊಂಡವರು. ತೋಳು ಉರಿಯುವ ಇಂಜೆಕ್ಷನ್ ಅದು. ಹಾಕಿಸಿಕೊಂಡವರಿಗೂ ಕಾಯಿಲೆ ಬಂತು. ಕೊನೆಗೆ ಅದರಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲ ಎಂದು 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು. "ವರ್ಷ ವರ್ಷ ಚುಚ್ಚಿಸ್ಕೊಳ್ಳಿ ಅಂತ ಅದಕ್ಕೂ ಹೇಳಿದ್ರು. ಇದಕ್ಕೂ ವರ್ಷ ವರ್ಷ ಅಂತೀಯ. ಎಂತ ನಂಬೋದು ಮಾರಾಯ್ತಿ?" ಅಂದರು.

ಇದಕ್ಕೆ ಹಾರಿಕೆಯ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ. ಡಾಕ್ಟರ ಬಳಿ ಇದನ್ನೇ ಕೇಳಿದೆ. ವರ್ಷ ವರ್ಷ ಅನ್ನುವುದಕ್ಕೆ ಇಲ್ಲಿ ಬೇರೆ ಕಾರಣ ಇದೆ ಅಂದರು. ಫ್ಲೂ ವೈರಸ್ ತನ್ನ ಮೈಯ ಹೊದಿಕೆಯನ್ನು ಬದಲಿಸುತ್ತಲೇ ಇರುತ್ತದೆ, ಲಸಿಕೆಯ ಬಲವೂ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಫೆಬ್ರವರಿಯಲ್ಲಿ ಉತ್ತರಾರ್ಧಗೋಳಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧಗೋಳಕ್ಕೆ, ಹೀಗೆ ವರ್ಷಕ್ಕೆ ಎರಡು ಸಲ ಕೂತು ಲಸಿಕೆಯಲ್ಲಿ ಯಾವ ಯಾವ ತಳಿ ಇರಬೇಕೆಂದು ಹೊಸದಾಗಿ ಹೇಳುತ್ತಾರೆ. ಹಳೆಯದನ್ನೇ ಮತ್ತೆ ಮತ್ತೆ ಚುಚ್ಚುವುದಲ್ಲ. ಇಷ್ಟಾದರೂ ಇದು ಪೂರ್ತಿ ರಕ್ಷಣೆ ಅಲ್ಲ ಅನ್ನುವುದನ್ನೂ ಅವರು ಮುಚ್ಚಿಡಲಿಲ್ಲ. ತಳಿ ಚೆನ್ನಾಗಿ ಹೊಂದಿದ ವರ್ಷದಲ್ಲಿ, ಡಾಕ್ಟರ ಬಳಿ ಓಡಬೇಕಾದಂಥ ಫ್ಲೂವನ್ನು ನೂರಕ್ಕೆ 40ರಿಂದ 60ರಷ್ಟು ತಗ್ಗಿಸುತ್ತದೆ. ಹೊಂದದ ವರ್ಷದಲ್ಲಿ ಇನ್ನೂ ಕಡಿಮೆ. ಬಂದರೂ ಆಸ್ಪತ್ರೆ ಸೇರುವ ಮಟ್ಟಕ್ಕೆ ಹೋಗುವುದು ಕಡಿಮೆಯಾಗುತ್ತದೆ.

ಮನೆಗೆ ಬಂದು ಹೇಳಿದಾಗ ಅತ್ತೆ ಒಂದು ಮಾತು ಹೇಳಿದರು. "ಗೊರಬು ಸೂಡಿ ನಟ್ಟಿಗೆ ಇಳಿದ್ರೂ ಕಾಲು ನೆನೆಯುತ್ತೆ. ಹಂಗಂತ ಯಾರೂ ಗೊರಬು ಬಿಟ್ಟು ಹೋಗಲ್ಲ." ನನ್ನ ಪ್ರಶ್ನೆಯ ರೂಪವೇ ಅಲ್ಲಿಗೆ ಬದಲಾಯಿತು. ಫ್ಲೂ ಬರುತ್ತದೋ ಇಲ್ಲವೋ ಎಂದು ಕೇಳುವುದನ್ನು ಬಿಟ್ಟೆ. ಬಂದರೆ ನನ್ನ ಮಗ ಮತ್ತೆ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಮಲಗುವ ಸಾಧ್ಯತೆಯನ್ನು ನಾನು ಎಷ್ಟು ಇಳಿಸಬಲ್ಲೆ? ಕೇಳಬೇಕಾದದ್ದು ಅದು.

2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಫ್ಲೂ ತಳಿಯ ಸುದ್ದಿ ಎದ್ದಿತು. ಹಾಸನ ಜಿಲ್ಲೆಯಲ್ಲಿ ಹಿರಿಯರೊಬ್ಬರು ತೀರಿಕೊಂಡ ವರದಿ ಪೇಪರಿನಲ್ಲಿ ಬಂದ ದಿನ ಇವರೇ ಲಸಿಕೆಯ ಮಾತು ತೆಗೆದರು. ಆದರೆ ದುಡ್ಡು? ಒಂಬತ್ತು ವರ್ಷದ ಒಳಗಿನ ಮಕ್ಕಳಿಗೆ ಮೊದಲನೇ ಸಲ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಆಮೇಲೆ ವರ್ಷಕ್ಕೊಂದು. ನಮಗೆ ಹೇಳಿದ ದರ ಡೋಸಿಗೆ 1,800 ರೂಪಾಯಿ. ಇಬ್ಬರಿಗೆ ನಾಲ್ಕು ಡೋಸ್, 7,200. ಅಡಿಕೆ ಮಾರಿ ಮುಗಿದು, ತೋಟದ ಖರ್ಚು ಎದುರಿಗಿದ್ದ ಸಮಯ. ಉಬ್ಬಸ ಇರುವ ಮಗನಿಗೆ ಮಾತ್ರ ಹಾಕಿಸೋಣ ಎಂದು ಒಂದು ವಾರ ಅಂದುಕೊಂಡೆವು. ಡಾಕ್ಟರು ನಮ್ಮ ಲೆಕ್ಕವನ್ನು ಬೇರೆ ಮಾಡಿದರು. ಆರು ತಿಂಗಳಿಂದ ಐದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹಾಕಿಸಿ ಎಂದು ಭಾರತೀಯ ಮಕ್ಕಳ ತಜ್ಞರ ಸಂಘವೇ ಹೇಳುತ್ತದೆ, ಹಾಗಾಗಿ ಮಗಳಿಗೆ ವಯಸ್ಸಿನ ಕಾರಣಕ್ಕೆ ಬೇಕು. ಐದು ದಾಟಿದ ಮಗನಿಗೆ ಉಬ್ಬಸದ ಕಾರಣಕ್ಕೆ ಬೇಕು. ಹಿಂದಿನ ವರ್ಷದ ಆಸ್ಪತ್ರೆ ಬಿಲ್ಲು 28,000 ಆಗಿತ್ತು. ಇವರು ಆ ಬಿಲ್ಲನ್ನು ತೆಗೆದು ಮೇಜಿನ ಮೇಲಿಟ್ಟರು, ಚರ್ಚೆ ಮುಗಿಯಿತು. ಎಲ್ಲರ ಮನೆಯಲ್ಲೂ ಇಷ್ಟು ದುಡ್ಡು ಒಮ್ಮೆಗೇ ಹುಟ್ಟುವುದಿಲ್ಲ ಎಂಬುದು ನನಗೆ ಗೊತ್ತು. ಉಬ್ಬಸ, ಹೃದಯದ ತೊಂದರೆ ಇರುವ ಮಕ್ಕಳಿಗಾದರೂ ಸರ್ಕಾರ ಇದನ್ನು ಉಚಿತವಾಗಿ ಕೊಡಬೇಕು.

ಮೊಟ್ಟೆಯದೊಂದು ಪ್ರಶ್ನೆ ಬಂತು. ಹೆಚ್ಚಿನ ಫ್ಲೂ ಲಸಿಕೆಗಳ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ, ಮಕ್ಕಳಿಗೆ ಅದರ ಅಲರ್ಜಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಅಲರ್ಜಿ ಇದ್ದವರಿಗೂ ಕೊಡಬಹುದು, ಉಳಿದಿರುವ ಅಂಶ ಬಹಳ ಸಣ್ಣದು, ಹಾಕಿಸಿದ ಮೇಲೆ ಅರ್ಧ ಗಂಟೆ ಇಲ್ಲೇ ಕೂತಿರಿ ಅಂದರು. ಶಾಸ್ತ್ರದ ಮಾತನ್ನು ಅತ್ತೆ "ಔಷಧಿಗೆ ದೋಷ ಇಲ್ಲ" ಎಂದು ಅವರೇ ಮುಗಿಸಿದರು.

ಇನ್ನು ಡಬ್ಬಿಯ ವಿಷಯ. ಮೇ ಮೊದಲ ವಾರ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು, ಶಿವಮೊಗ್ಗದ ತನಕ ಯಾಕೆ ಎಂದು. ಸಿರಿಂಜು ತಯಾರಾಗಿತ್ತು. ಡಬ್ಬಿ ತೋರಿಸಿ ಅಂದೆ. ಅದರ ಮೇಲೆ 'ಎನ್‌ಎಚ್ 2022-23' ಎಂದಿತ್ತು. ಅಂದರೆ ಹಿಂದಿನ ಚಳಿಗಾಲಕ್ಕೆಂದು ಉತ್ತರಾರ್ಧಗೋಳಕ್ಕೆ ಮಾಡಿದ್ದು, ಅವಧಿ ಮುಗಿಯಲು ಕೆಲವೇ ವಾರ ಉಳಿದಿತ್ತು. "ಎಲ್ಲ ಒಂದೇ ಅಮ್ಮ" ಅಂದರು. ಒಂದೇ ಅಲ್ಲ. ಭೂಪಟದಲ್ಲಿ ನಾವು ಉತ್ತರಾರ್ಧಗೋಳದಲ್ಲಿದ್ದರೂ ನಮ್ಮ ಕಡೆ ಫ್ಲೂ ಹೆಚ್ಚುವುದು ಮಳೆಗಾಲದಲ್ಲಿ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಸಣ್ಣ ಏರು. ಹಾಗಾಗಿ ಮಳೆಗೆ ಮುಂಚೆ, ಏಪ್ರಿಲ್-ಮೇನಲ್ಲಿ, 'ಎಸ್‌ಎಚ್' (ದಕ್ಷಿಣಾರ್ಧಗೋಳದ್ದು) ಎಂದು ಆ ವರ್ಷದ ಇಸವಿ ಇರುವ ಹೊಸ ಡಬ್ಬಿ ಬಂದ ಕೂಡಲೇ ಹಾಕಿಸುವುದು ಒಳ್ಳೆಯದು. ಎದ್ದು ಬರಲು ನನಗೆ ಕಷ್ಟವಾಯಿತು, ಪರಿಚಯದವರು. ಆದರೂ ಎದ್ದು ಬಂದೆ. ಎರಡು ವಾರ ಬಿಟ್ಟು ಶಿವಮೊಗ್ಗದಲ್ಲಿ ಹೊಸದು ಸಿಕ್ಕಿತು. ಈಗ ಮೊದಲು ಫೋನ್ ಮಾಡಿ ಡಬ್ಬಿಯ ಮೇಲೆ ಏನಿದೆ ಎಂದು ಓದಿಸಿಕೊಂಡೇ ಹೊರಡುತ್ತೇನೆ. ನಾಲ್ಕು ತಳಿಯದೋ ಮೂರು ತಳಿಯದೋ ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ. ನಾಲ್ಕನೆಯದಾದ ಯಮಗಾಟಾ ಎಂಬ ಬಿ ತಳಿ 2020ರ ಮಾರ್ಚ್ ಆದಮೇಲೆ ಎಲ್ಲೂ ದೃಢಪಟ್ಟಿಲ್ಲ, ಅದು ಇನ್ನು ಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಸೆಪ್ಟೆಂಬರ್‌ನಲ್ಲೇ ಹೇಳಿದೆ.

ಹಾಕಿಸಿದ ದಿನ ಮಗ ಅಳಲಿಲ್ಲ, ಮಗಳು ಅತ್ತಳು. ರಾತ್ರಿ ಅವಳಿಗೆ ಮೈ ಬೆಚ್ಚಗಾಗಿ ಬೆಳಿಗ್ಗೆ ಇಳಿಯಿತು. ಮಗನ ತೋಳು ಒಂದು ದಿನ ನೋಯಿತು. ಚುಚ್ಚುಮದ್ದಿನ ಲಸಿಕೆಯಲ್ಲಿ ಇರುವುದು ನಿಷ್ಕ್ರಿಯ ವೈರಸ್, ಅದರಿಂದ ಫ್ಲೂ ಬರುವುದಿಲ್ಲ. ಎರಡನೇ ಡೋಸಿಗೆ ಹೋಗುವಾಗ ಜೂನ್ ನಡುವಾಗಿತ್ತು, ಬಸ್ಸಿನ ಕಿಟಕಿಗೆ ಮಳೆ ಹೊಡೆಯುತ್ತಿತ್ತು. ನಾವು ತಡ ಮಾಡಿದ್ದೆವು. ಲಸಿಕೆಯ ಬಲ ಬರಲು ಎರಡು ವಾರ ಬೇಕು, ಶಾಲೆ ಆಗಲೇ ಶುರುವಾಗಿತ್ತು. ಮೊದಲ ಸಲ ಹಾಕಿಸುವವರು ಏಪ್ರಿಲ್‌ನಲ್ಲೇ ವಿಚಾರಿಸಲು ತೊಡಗಿದರೆ ಒಳ್ಳೆಯದು.

ಆಮೇಲಿನ ಮಳೆಗಾಲಗಳಲ್ಲಿ ಮಗನಿಗೆ ಶೀತ, ಜ್ವರ ಬಂದಿದೆ. ಆಸ್ಪತ್ರೆಯಲ್ಲಿ ಮಲಗಿಸುವ ಹಾಗೆ ಬಂದಿಲ್ಲ. ಅವನು ದೊಡ್ಡವನಾಗುತ್ತಿದ್ದಾನೆ, ಇನ್ಹೇಲರ್ ತಪ್ಪದೆ ತೆಗೆದುಕೊಳ್ಳುತ್ತಾನೆ, ಅದೂ ಕಾರಣ ಇರಬಹುದು. ಒಂದು ಮಗುವನ್ನು ನೋಡಿ ಲಸಿಕೆಯನ್ನು ಅಳೆಯಲು ಆಗುವುದಿಲ್ಲ. ಜ್ವರ ಬಂದ ಮೊದಲ ದಿನವೇ ಈಗ ಡಾಕ್ಟರಿಗೆ ತಿಳಿಸುತ್ತೇವೆ. ಫ್ಲೂನ ಗುಳಿಗೆ ಬೇಕಾದರೆ ಎರಡು ದಿನದೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದಂತೆ. ಆಸ್ಪಿರಿನ್ ಅಂತೂ ಮಕ್ಕಳಿಗೆ ಕೊಡಲೇಬಾರದು.

ಈ ವರ್ಷ ನಾದಿನಿ ಹೆರಿಗೆಗೆ ಮನೆಗೆ ಬಂದಿದ್ದಾಳೆ. ಏಳು ತಿಂಗಳು ತುಂಬಿದೆ, ಮಗು ಹುಟ್ಟುವುದು ಜಡಿಮಳೆಯಲ್ಲಿ. ಅವಳ ಹೆರಿಗೆ ಡಾಕ್ಟರನ್ನು ಕೇಳಿ, ಮಕ್ಕಳ ಜೊತೆ ಅವಳನ್ನೂ ಕರೆದುಕೊಂಡು ಹೋಗಿ ಫ್ಲೂ ಲಸಿಕೆ ಹಾಕಿಸಿಕೊಂಡು ಬಂದೆ. ಗೇಟು ತೆಗೆಯುತ್ತಿದ್ದ ಹಾಗೆ ಜಗಲಿಯಿಂದ ಮಾವ ಕೇಳಿದರು: "ಡಬ್ಬಿ ನೋಡಿದ್ಯ?"