ಗೇರ್ ಲಿವರ್‌ಗೆ ಗಿಡ್ಡ ಓಟ: ಶಾರ್ಟ್ ಶಿಫ್ಟರ್ ಆರಿಸುವುದು, ಕೂರಿಸುವುದು

ಎಂಜಿನ್ ಮುಟ್ಟದೆ ಕಾರಿನ ಗುಣವನ್ನೇ ಬೇರೆ ಮಾಡಿದಂತೆ ಅನಿಸುವ ಭಾಗಗಳು ಬೆರಳೆಣಿಕೆಯಷ್ಟು. ಗೇರ್ ಲಿವರಿನ ಓಟವನ್ನು, ಅಂದರೆ ಅದು ಚಲಿಸುವ ದೂರವನ್ನು, ಕಡಿಮೆ ಮಾಡುವ ಶಾರ್ಟ್ ಶಿಫ್ಟರ್ ಅದರಲ್ಲೊಂದು. ಎರಡರಿಂದ ಮೂರಕ್ಕೆ ಹೋಗಲು ಕೈ ಚಾಚಬೇಕಿದ್ದ ಕಡೆ ಮಣಿಕಟ್ಟು ಆಡಿಸಿದರೆ ಸಾಕಾಗುತ್ತದೆ. ಚಾರ್ಮಾಡಿ, ಶಿರಾಡಿಯಂಥ ಘಟ್ಟದ ತಿರುವುಗಳಲ್ಲಿ ಅದರ ಖುಷಿಯೇ ಬೇರೆ. ಆದರೆ ಮಾರುವವರು ದೂರ ಎಷ್ಟು ಕಡಿಮೆಯಾಗುತ್ತದೆ ಎಂದಷ್ಟೇ ಹೇಳುತ್ತಾರೆ, ಬಲ ಎಷ್ಟು ಹೆಚ್ಚು ಬೇಕಾಗುತ್ತದೆ ಎಂದು ಹೇಳುವುದಿಲ್ಲ.

ಲೆಕ್ಕ ಸರಳ. ಗೇರ್ ಲಿವರ್ ಒಂದು ಸನ್ನೆ. ನಡುವೆ ಗುಂಡು ಕೀಲು, ಮೇಲೆ ನಿಮ್ಮ ಕೈ, ಕೆಳಗೆ ಗೇರ್ ಬಾಕ್ಸಿನ ಸಂಪರ್ಕ. ಕೀಲಿನಿಂದ ಮೇಲಿನ ಭಾಗ 240 ಮಿ.ಮೀ., ಕೆಳಗಿನದು 60 ಮಿ.ಮೀ. ಇದೆ ಎಂದುಕೊಳ್ಳಿ. ಕೆಳತುದಿ 12 ಮಿ.ಮೀ. ಸರಿಯಬೇಕಾದರೆ ಕೈ 48 ಮಿ.ಮೀ. ಚಲಿಸಬೇಕು. ಕೆಳಭಾಗವನ್ನು 75 ಮಿ.ಮೀ.ಗೆ ಉದ್ದ ಮಾಡಿದರೆ ಕೈಗೆ ಸುಮಾರು 38 ಮಿ.ಮೀ. ಸಾಕು, ದೂರ ಶೇ 20ರಷ್ಟು ಇಳಿಯಿತು. ಬೇಕಾದ ಬಲ ಮಾತ್ರ ಶೇ 25ರಷ್ಟು ಏರಿತು. ಹಾರೆಯಿಂದ ಬಂಡೆ ಮೀಟುವಾಗ ಅಡಿಗಲ್ಲನ್ನು ಬಂಡೆಯಿಂದ ದೂರ ಸರಿಸಿದರೆ ಆಗುವುದೂ ಇದೇ.

ಇದರ ಜೊತೆಗೆ ಸಿಂಕ್ರೊನೈಸರ್ ಎಂಬುದೊಂದಿದೆ. ಗೇರ್ ಕಚ್ಚಿಕೊಳ್ಳುವ ಮೊದಲು ಒಳಗಿನ ಉಂಗುರವೊಂದು ಗೇರಿನ ಶಂಕುವಿಗೆ ಉಜ್ಜಿಕೊಂಡು ಎರಡರ ವೇಗವನ್ನೂ ಸಮ ಮಾಡುತ್ತದೆ. ಅದಕ್ಕೆ ಬೇಕಾದ ಹೊತ್ತು ಶಾರ್ಟ್ ಶಿಫ್ಟರ್ ಹಾಕಿದರೂ ಬೇಕು. ಲಿವರ್ ಗಿಡ್ಡವಾಯಿತೆಂದು ಜೋರಾಗಿ ನೂಕಿದರೆ ಸವೆಯುವುದು ಆ ಉಂಗುರ. ಅದನ್ನು ಬದಲಿಸಲು ಗೇರ್ ಬಾಕ್ಸನ್ನೇ ಇಳಿಸಿ ಬಿಚ್ಚಬೇಕು.

ಕೊಳ್ಳುವ ಮೊದಲು ಬುಷ್ ನೋಡಿ

ಐದಾರು ವರ್ಷ ಓಡಿದ ಕಾರಿನ ಗೇರ್ ಸಡಿಲ ಅನಿಸುತ್ತಿದ್ದರೆ ತಪ್ಪು ಬಹುಶಃ ಲಿವರಿನ ಉದ್ದದ್ದಲ್ಲ. ಎಂಜಿನ್ ಆಫ್ ಮಾಡಿ, ಮೂರನೇ ಗೇರ್ ಹಾಕಿ, ನಾಬ್ ಹಿಡಿದು ಅಕ್ಕಪಕ್ಕ ಆಡಿಸಿ. ಬಾನೆಟ್ ಎತ್ತಿ ಇನ್ನೊಬ್ಬರು ಗೇರ್ ಬಾಕ್ಸ್ ಕಡೆಯ ತೋಳನ್ನು (ಲಿವರಿನ ಕೇಬಲ್ ಎಳೆಯುವ ಸನ್ನೆ) ಗಮನಿಸಲಿ. ಒಳಗೆ ಲಿವರ್ ಸಾಕಷ್ಟು ಆಡುತ್ತಿದ್ದೂ ಹೊರಗೆ ತೋಳು ಕದಲದಿದ್ದರೆ ಕೇಬಲ್ ತುದಿಯ ಬುಷ್ (ಕೀಲಿನೊಳಗಿನ ಪ್ಲಾಸ್ಟಿಕ್ ಅಥವಾ ರಬ್ಬರ್ ಬಳೆ) ಸವೆದಿದೆ ಎಂದೇ ಲೆಕ್ಕ. ಹೊಸ ಬುಷ್, ಒಂದಿಷ್ಟು ಗ್ರೀಸ್: ಅನೇಕರಿಗೆ ಇಷ್ಟರಲ್ಲೇ ತೃಪ್ತಿಯಾಗುತ್ತದೆ. ಸವೆದ ಬುಷ್‌ನ ಮೇಲೆ ಶಾರ್ಟ್ ಶಿಫ್ಟರ್ ಹಾಕಿದರೆ ಇನ್ನೂ ಕೆಡುಕು. ಓಟ ಕಡಿಮೆಯಾದಷ್ಟೂ ಅದೇ ಸಡಿಲ ದೊಡ್ಡದಾಗಿ ಕಾಣುತ್ತದೆ.

ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಆಸರೆ, ಅಂದರೆ ಎಂಜಿನ್ ಮೌಂಟ್ ಕೂಡ ನೋಡಿಬಿಡಿ. ಅದು ಸೋತಿದ್ದರೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಗೇರ್ ಲಿವರೂ ತಲೆಯಾಡಿಸುತ್ತದೆ.

ಯಾವುದನ್ನು ಆರಿಸುವುದು?

ಮಾರುತಿ ಜಿಪ್ಸಿಯಂಥ ವಾಹನಗಳಲ್ಲಿ ಲಿವರ್ ನೇರವಾಗಿ ಗೇರ್ ಬಾಕ್ಸಿನ ತಲೆಯ ಮೇಲೆ ಕೂತಿರುತ್ತದೆ. ಅಲ್ಲಿ ಲಿವರನ್ನೇ ಬದಲಿಸಬೇಕು. ಎಂಜಿನ್ ಅಡ್ಡಲಾಗಿ ಕೂತ ಇಂದಿನ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಕೇಬಲ್‌ಗಳಿರುತ್ತವೆ. ಒಂದು ಹಿಂದೆ-ಮುಂದಿನ ಚಲನೆಗೆ, ಇನ್ನೊಂದು ಎಡ-ಬಲಕ್ಕೆ. ಇಂಥ ಕಾರಿಗೆ ಕಿಟ್ ಎರಡು ಕಡೆ ಬರಬಹುದು: ಕ್ಯಾಬಿನ್‌ನಲ್ಲಿ ಲಿವರಿನ ಬುಡಕ್ಕೆ, ಅಥವಾ ಬಾನೆಟ್ ಕೆಳಗೆ ಗೇರ್ ಬಾಕ್ಸಿನ ತೋಳಿಗೆ. ತೋಳಿನ ಕಿಟ್‌ನಲ್ಲಿ ಕೇಬಲ್ ಸಿಕ್ಕಿಸುವ ಪಿನ್ ತೋಳು ಕೂತಿರುವ ಶಾಫ್ಟ್‌ಗೆ ಹತ್ತಿರ ಬಂದಿರುತ್ತದೆ. ಕೇಬಲ್ ಕಡಿಮೆ ಸರಿದರೂ ಶಾಫ್ಟ್ ಮೊದಲಿನಷ್ಟೇ ತಿರುಗುತ್ತದೆ.

ನನ್ನ ಮಟ್ಟಿಗೆ ಶೇ 20ರಿಂದ 25ರಷ್ಟು ಕಡಿತವೇ ಸರಿ. ಶೇ 40 ಎಂದು ಬರೆದ ಕಿಟ್‌ಗಳು ಟ್ರ್ಯಾಕ್‌ನಲ್ಲಿ ಚೆನ್ನ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಒಂದು-ಎರಡು, ಒಂದು-ಎರಡು ಎಂದು ಹಾಕುತ್ತ ನಿಂತಾಗ ಭುಜಕ್ಕೆ ಗೊತ್ತಾಗುತ್ತದೆ. ಎಡ-ಬಲದ ಓಟವನ್ನು ಕಡಿಮೆ ಮಾಡುವ ಕಿಟ್ ಬೇಡವೇ ಬೇಡ. ಸಾಲುಗಳು ತೀರಾ ಹತ್ತಿರವಾದರೆ ಐದರಿಂದ ನಾಲ್ಕಕ್ಕೆ ಎಳೆದದ್ದು ಎರಡಕ್ಕೆ ಹೋಗಿ ಬೀಳಬಹುದು. ಹೆದ್ದಾರಿಯ ವೇಗದಲ್ಲಿ ಹಾಗಾದರೆ ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತವೆ. ಆಗ ಎಂಜಿನ್ ವೇಗಕ್ಕೆ ಕಡಿವಾಣ ಹಾಕುವ ರೆವ್ ಲಿಮಿಟರ್ ಏನೂ ಮಾಡಲಾರದು, ವಾಲ್ವ್‌ಗಳು ಬಾಗುತ್ತವೆ.

ಇನ್ನೊಂದು ಗಮನ. ಎಷ್ಟೋ ಕಾರುಗಳ ಮೂಲ ತೋಳಿನಲ್ಲಿ ಕಬ್ಬಿಣದ ತೂಕದ ಗುಂಡೊಂದು ಇರುತ್ತದೆ. ನೋಡಿದರೆ ವ್ಯರ್ಥ ಭಾರ ಅನಿಸುತ್ತದೆ, ಆದರೆ ಗೇರ್ ಕೊನೆಯವರೆಗೆ ನುಣುಪಾಗಿ ಜಾರುವುದು ಅದರ ಆವೇಗದಿಂದಲೇ. ತೂಕವಿಲ್ಲದ ಅಗ್ಗದ ಅಲ್ಯೂಮಿನಿಯಂ ತೋಳು ಹಾಕಿದರೆ ಗೇರ್ ಒರಟಾಗುತ್ತದೆ.

ಹೆಚ್ಚು ಖರ್ಚು ಬೇಡ ಎನ್ನುವವರಿಗೆ ಲಿವರಿಗೆ ಗಿಡ್ಡ ಕಡ್ಡಿ, ಭಾರದ ನಾಬ್ ಇದ್ದೇ ಇದೆ. ಅರ್ಧ ಸುಖ ಅಲ್ಲೇ ಸಿಗುತ್ತದೆ.

ಕೂರಿಸುವುದು: ಪೋಲೊ ಉದಾಹರಣೆ

ಭಾರತದಲ್ಲಿ 2010ರಿಂದ 2022ರವರೆಗೆ ಮಾರಾಟವಾದ ಫೋಕ್ಸ್‌ವ್ಯಾಗನ್ ಪೋಲೊವನ್ನೇ ತೆಗೆದುಕೊಳ್ಳೋಣ. ಪೆಟ್ರೋಲ್ ಮಾದರಿಗಳ ಮ್ಯಾನುವಲ್ ಗೇರ್ ಬಾಕ್ಸ್ ಎಂಕ್ಯೂ 200 ಕುಟುಂಬದ್ದು. ಆ 200 ಅದು ತಾಳಬಲ್ಲ ಟಾರ್ಕಿನ (ತಿರುಗಿಸುವ ಬಲದ) ಸುಮಾರು ಮಿತಿ, ನ್ಯೂಟನ್ ಮೀಟರ್ ಲೆಕ್ಕದಲ್ಲಿ. ಹೆಚ್ಚು ಟಾರ್ಕಿನ ಡೀಸೆಲ್‌ಗಳಿಗೆ ಬೇರೆ ಪೆಟ್ಟಿಗೆ ಇರುವುದುಂಟು. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ‘ಪೋಲೊ ಕಿಟ್’ ಎಂದು ಕೇಳಬೇಡಿ, ಗೇರ್ ಬಾಕ್ಸ್ ಕೋಡ್ ಹೇಳಿ ಕೇಳಿ.

ಕಾರು ಸಮತಟ್ಟಾದ ನೆಲದಲ್ಲಿರಲಿ, ಎಂಜಿನ್ ತಣ್ಣಗಿರಲಿ. ಕೆಲಸವೆಲ್ಲ ನ್ಯೂಟ್ರಲ್‌ನಲ್ಲಿ ನಡೆಯುವುದರಿಂದ ಹ್ಯಾಂಡ್ ಬ್ರೇಕ್ ಒಂದನ್ನೇ ನಂಬದೆ ಚಕ್ರಗಳಿಗೆ ಕಲ್ಲು ಕೊಡಿ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಆಮೇಲೆ ಪಾಸಿಟಿವ್. ಬ್ಯಾಟರಿ ಮತ್ತು ಅದರ ತಟ್ಟೆ ಎತ್ತಿದರೆ ಗೇರ್ ಬಾಕ್ಸಿನ ತಲೆ, ಎರಡು ಕೇಬಲ್, ತೂಕದ ತೋಳು ಎಲ್ಲ ಕಾಣುತ್ತವೆ. ಏನನ್ನೂ ಮುಟ್ಟುವ ಮೊದಲು ಮೊಬೈಲ್‌ನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ತೋಳು ಶಾಫ್ಟ್ ಮೇಲೆ ಯಾವ ಕೋನದಲ್ಲಿದೆ ಎಂದು ಮಾರ್ಕರ್‌ನಿಂದ ಗುರುತು ಹಾಕಿ.

ಕೇಬಲ್ ತುದಿಗಳನ್ನು ಹಿಡಿದಿರುವ ಕ್ಲಿಪ್‌ಗಳನ್ನು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಬಿಡಿಸಿ. ಎಂಜಿನ್ ಶಾಖಕ್ಕೆ ವರ್ಷಗಟ್ಟಲೆ ಬೆಂದ ಪ್ಲಾಸ್ಟಿಕ್ ಅದು, ಅವಸರ ಮಾಡಿದರೆ ಮುರಿಯುತ್ತದೆ. ಮುರಿದರೆ ಕೇಬಲ್ ಜೋಡಿಯನ್ನೇ ಕೊಳ್ಳಬೇಕಾದೀತು. ಕೇಬಲನ್ನು ಮಡಚಬೇಡಿ. ತೋಳಿನ ನಟ್ ಬಿಚ್ಚಿ, ಹಳೆಯದನ್ನು ಮೇಲಕ್ಕೆ ಎಳೆದು, ಶಾಫ್ಟಿನ ಹಲ್ಲುಗಳನ್ನು ಬಟ್ಟೆಯಿಂದ ಒರೆಸಿ ಹೊಸ ತೋಳನ್ನು ಅದೇ ಗುರುತಿಗೆ ಕೂರಿಸಿ. ಪಿನ್‌ಗಳಿಗೆ ತೆಳುವಾಗಿ ಗ್ರೀಸ್ ಹಚ್ಚಿ. ನಟ್ಟನ್ನು ಸರ್ವಿಸ್ ಕೈಪಿಡಿ ಹೇಳಿದ ಟಾರ್ಕ್‌ಗೇ ಬಿಗಿಯಿರಿ.

ಅಸಲಿ ಕೆಲಸ ಈಗ: ಕೇಬಲ್ ಹೊಂದಾಣಿಕೆ

ಭಾಗ ಬದಲಿಸುವುದು ಯಾರಿಗಾದರೂ ಬರುತ್ತದೆ. ಗೇರ್ ಸರಿಯಾಗಿ ಬೀಳುವುದು, ಬೀಳದಿರುವುದು ಮುಂದಿನ ಹದಿನೈದು ನಿಮಿಷದ ತಾಳ್ಮೆಯ ಮೇಲಿದೆ.

ಎರಡೂ ಕೇಬಲ್‌ಗಳ ತುದಿಯಲ್ಲಿ ಸ್ಪ್ರಿಂಗ್ ಇರುವ ಕಾಲರ್ ಇದೆ. ಅದನ್ನು ಸ್ಪ್ರಿಂಗಿಗೆ ಎದುರಾಗಿ ಸರಿಸಿ ತಿರುಗಿಸಿದರೆ ತೆರೆದ ಸ್ಥಿತಿಯಲ್ಲಿ ನಿಲ್ಲುತ್ತದೆ. ಆಗ ಕೇಬಲಿನ ಉದ್ದ ಮುಕ್ತ. ನಂತರ ಗೇರ್ ಬಾಕ್ಸಿನ ಸೆಲೆಕ್ಟರ್ ಶಾಫ್ಟನ್ನು ಕೆಳಕ್ಕೆ ಒತ್ತಿ, ಪಕ್ಕದ ಬಾಗಿದ ಪುಟ್ಟ ಲಿವರನ್ನು ತಿರುಗಿಸಿ. ಶಾಫ್ಟ್ ನ್ಯೂಟ್ರಲ್‌ನಲ್ಲಿ ಬೀಗ ಹಾಕಿದಂತೆ ನಿಲ್ಲಬೇಕು. ಇನ್ನು ಕ್ಯಾಬಿನ್. ಗೇರ್ ಲಿವರಿನ ಚರ್ಮದ ಕವಚ ಮೇಲೆತ್ತಿ, ಲಿವರನ್ನು ನ್ಯೂಟ್ರಲ್‌ಗೆ ತಂದರೆ ಬುಡದಲ್ಲಿ ಎರಡು ರಂಧ್ರಗಳು ಒಂದಕ್ಕೊಂದು ಕೂಡುತ್ತವೆ. ಅದರೊಳಗೆ ಹಿಡಿಯುವ ಡ್ರಿಲ್ ಬಿಟ್ ತೂರಿಸಿ. ಈಗ ಎರಡು ತುದಿಗಳೂ ನ್ಯೂಟ್ರಲ್‌ನಲ್ಲಿ ಸ್ಥಿರ. ಕಾಲರ್‌ಗಳನ್ನು ಬಿಟ್ಟರೆ ನಡುವಿನ ಕೇಬಲ್ ತನಗೆ ಬೇಕಾದ ಉದ್ದವನ್ನು ತಾನೇ ಹಿಡಿಯುತ್ತದೆ. ಶಾಫ್ಟಿನ ಬೀಗ ಬಿಡಿಸಿ, ಡ್ರಿಲ್ ಬಿಟ್ ತೆಗೆಯಲು ಮರೆಯಬೇಡಿ.

ಬ್ಯಾಟರಿ ಜೋಡಿಸುವಾಗ ಪಾಸಿಟಿವ್ ಮೊದಲು. ಒಮ್ಮೆ ಎಳೆದರೆ ಗಾಜು ಪೂರ್ತಿ ಏರಿಸುವ ಕಿಟಕಿಯ ಸ್ವಿಚ್ ಕೆಲಸ ನಿಲ್ಲಿಸಿದ್ದರೆ ಗಾಜು ಪೂರ್ತಿ ಏರಿದ ಮೇಲೂ ಸ್ವಿಚ್ಚನ್ನು ಕೆಲಹೊತ್ತು ಎಳೆದು ಹಿಡಿಯಿರಿ.

ಪರೀಕ್ಷೆ

ಮೊದಲು ಎಂಜಿನ್ ಆಫ್ ಇದ್ದಾಗಲೇ ಕ್ಲಚ್ ಒತ್ತಿ ಎಲ್ಲ ಗೇರುಗಳನ್ನೂ ಹಾಕಿ ತೆಗೆಯಿರಿ. ತೋಳು ಬ್ಯಾಟರಿ ತಟ್ಟೆಗೋ ಪೈಪಿಗೋ ತಗಲುತ್ತಿದೆಯೇ ಎಂದು ಬಾನೆಟ್ ಬಳಿ ಒಬ್ಬರು ನೋಡುತ್ತಿರಲಿ. ಕೈ ಬಿಟ್ಟರೆ ಲಿವರ್ ಮೂರು-ನಾಲ್ಕರ ಸಾಲಿಗೆ ತಾನಾಗಿ ಮರಳಬೇಕು. ಪೋಲೊದಲ್ಲಿ ರಿವರ್ಸ್ ಒಂದನೇ ಗೇರಿನ ಎಡಕ್ಕೇ ಇದೆ, ಲಿವರನ್ನು ಕೆಳಕ್ಕೆ ಒತ್ತಿದರೆ ಮಾತ್ರ ಬೀಳಬೇಕು. ಒತ್ತದೆಯೂ ಬೀಳುವಂತಿದ್ದರೆ ಕಾರನ್ನು ರಸ್ತೆಗೆ ಇಳಿಸಬೇಡಿ, ಹೊಂದಾಣಿಕೆಯನ್ನು ಮತ್ತೆ ಮೊದಲಿನಿಂದ ಮಾಡಿ.

ರಸ್ತೆಯಲ್ಲಿ ಒಂದು ಪರೀಕ್ಷೆ ಕಡ್ಡಾಯ. ಖಾಲಿ ಏರುದಾರಿಯಲ್ಲಿ ಎರಡು, ಮೂರನೇ ಗೇರುಗಳಲ್ಲಿ ಆಕ್ಸಿಲರೇಟರ್ ಚೆನ್ನಾಗಿ ಒತ್ತಿ, ಥಟ್ಟನೆ ಬಿಡಿ. ಗೇರ್ ಚಿಮ್ಮಿ ಹೊರಬಂದರೆ ಅದು ಪೂರ್ತಿ ಕಚ್ಚಿಲ್ಲ. ಒಂದೋ ಕೇಬಲ್ ಹೊಂದಿಲ್ಲ, ಇಲ್ಲವೇ ಲಿವರ್ ಓಟದ ಕೊನೆಯಲ್ಲಿ ಎಲ್ಲಿಗೋ ತಗಲುತ್ತಿದೆ. ಹಾಗೇ ಓಡಿಸಿದರೆ ಗೇರಿನ ಹಲ್ಲಿನ ಅಂಚುಗಳು ದುಂಡಗಾಗಿಬಿಡುತ್ತವೆ.

ಒಂದೆರಡು ವಾರ ಓಡಿಸಿದ ಮೇಲೆ ನಟ್ ಮತ್ತು ಕ್ಲಿಪ್‌ಗಳನ್ನು ಇನ್ನೊಮ್ಮೆ ನೋಡಿ. ವಾರಂಟಿ ಉಳಿದಿರುವ ಕಾರಾದರೆ ಗೇರ್ ಬಾಕ್ಸ್ ದೂರಿಗೆ ಕಂಪನಿ ಇದನ್ನೇ ನೆಪ ಮಾಡಬಹುದು, ಆದ್ದರಿಂದ ಅವಧಿ ಮುಗಿಯುವವರೆಗೆ ಕಾಯುವುದು ಜಾಣತನ. ಬಿಚ್ಚಿದ ಹಳೆಯ ತೋಳು, ಕ್ಲಿಪ್, ನಟ್ಟುಗಳನ್ನು ಒಂದು ಡಬ್ಬಿಗೆ ಹಾಕಿ ಹೆಸರು ಬರೆದಿಡಿ. ಕಾರು ಕೊಳ್ಳಲು ಬಂದವರು ಗೇರ್ ಹಾಕಿ ನೋಡಿ ‘ಇದೇಕೆ ಇಷ್ಟು ಗಟ್ಟಿ?’ ಎಂದು ಕೇಳಿದಾಗ ಅವು ಬೇಕಾಗುತ್ತವೆ.