ಬೇಲಿ ಬ್ಯಾಟರಿಗೆ ಪಲ್ಸ್ ಚಾರ್ಜರ್ ಕಟ್ಟಿದ ನನ್ನ ಅನುಭವ

ಕೊಡಗಿನ ಸಿದ್ದಾಪುರದ ಸುತ್ತಮುತ್ತ ಕಾಫಿ ತೋಟ ಇದ್ದವರಿಗೆ ಆನೆ ಕಾಟ ಹೊಸದಲ್ಲ. ತೋಟದ ಅಂಚಿಗೆ ಸೋಲಾರ್ ಬೇಲಿ, ಅದಕ್ಕೊಂದು 12 ವೋಲ್ಟ್ ಬ್ಯಾಟರಿ. ಬೇಸಿಗೆಯಲ್ಲಿ ಇದರದ್ದು ಏನೂ ತಂಟೆ ಇಲ್ಲ. ಜೂನ್‌ನಲ್ಲಿ ಮಳೆ ಹಿಡಿದುಕೊಂಡರೆ ಪ್ಯಾನೆಲ್‌ಗೆ ಬಿಸಿಲೇ ಬೀಳುವುದಿಲ್ಲ. ಬೇಲಿ ಮಾತ್ರ ರಾತ್ರಿಯಿಡೀ ಕರೆಂಟ್ ಎಳೆಯುತ್ತಲೇ ಇರುತ್ತದೆ. ಬ್ಯಾಟರಿ ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಕಾಲ ತಳ್ಳುತ್ತದೆ.

ಅಲ್ಲೇ ಶುರು ಸಲ್ಫೇಶನ್. ಬ್ಯಾಟರಿ ಖಾಲಿಯಾಗುವಾಗ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುವುದು ಮಾಮೂಲಿ, ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ಚಾರ್ಜ್ ಮಾಡದೆ ಬಿಟ್ಟರೆ ಹರಳು ದೊಡ್ಡದಾಗಿ ಗಟ್ಟಿಯಾಗುತ್ತದೆ. ಆಮೇಲೆ ಚಾರ್ಜರ್ ಹಾಕಿದ ಸ್ವಲ್ಪ ಹೊತ್ತಿಗೇ ವೋಲ್ಟೇಜ್ 14 ದಾಟುತ್ತದೆ, ತುಂಬಿತು ಅಂತ ತೋರಿಸುತ್ತದೆ. ಒಂದು ಬಲ್ಬ್ ಹಾಕಿ ನೋಡಿ, ದಡಕ್ಕನೆ ಕೆಳಗಿಳಿಯುತ್ತದೆ.

ಚಿಕ್ಕ ಚಿಕ್ಕ ಕರೆಂಟ್ ಹೊಡೆತ, ಅಂದರೆ ಪಲ್ಸ್, ಕೊಟ್ಟರೆ ಈ ಗಟ್ಟಿ ಹರಳು ಕರಗುತ್ತದೆ ಅನ್ನುತ್ತಾರೆ. ಅದಕ್ಕೆ ನಾನು ಕಟ್ಟಿದ್ದು ಎಲ್ಲರಿಗೂ ಗೊತ್ತಿರುವ 555 ಟೈಮರ್ ಐಸಿಯ ಸರ್ಕ್ಯೂಟ್. ಬ್ಯಾಟರಿಯಿಂದಲೇ 1 ಮಿಲಿಹೆನ್ರಿ ಕಾಯಿಲ್ ಮೂಲಕ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ತುಂಬುತ್ತದೆ. ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್ (555 ಹೇಳಿದಂತೆ ಆನ್-ಆಫ್ ಆಗುವ ಎಲೆಕ್ಟ್ರಾನಿಕ್ ಸ್ವಿಚ್) ಸುಮಾರು 50 ಮೈಕ್ರೋಸೆಕೆಂಡ್ ಆನ್ ಆದಾಗ ಕೆಪಾಸಿಟರ್‌ನಿಂದ 220 ಮೈಕ್ರೋಹೆನ್ರಿ ಕಾಯಿಲ್‌ಗೆ ಕರೆಂಟ್ ಏರುತ್ತದೆ. ಲೆಕ್ಕ ಹಾಕಿದರೆ 12ನ್ನು 50ರಿಂದ ಗುಣಿಸಿ 220ರಿಂದ ಭಾಗಿಸಿ, ಹೆಚ್ಚುಕಮ್ಮಿ 2.7 ಆಂಪಿಯರ್. ಮಾಸ್‌ಫೆಟ್ ಆಫ್ ಆದ ಕೂಡಲೇ ಕಾಯಿಲ್ ಆ ಕರೆಂಟನ್ನು ಡಯೋಡ್ ಮೂಲಕ ಬ್ಯಾಟರಿಗೆ ದೂಡುತ್ತದೆ. ಸೆಕೆಂಡಿಗೆ ಸಾವಿರದ ಹತ್ತಿರ ಸಲ ಇದೇ ಕೆಲಸ. 555ಕ್ಕೆ 6.8 ಕಿಲೋ ಓಮ್, 150 ಕಿಲೋ ಓಮ್, 0.01 ಮೈಕ್ರೋಫ್ಯಾರಡ್ ಹಾಕಿದ್ದೇನೆ. ಆನ್ ಸಮಯ ಇಷ್ಟು ಚಿಕ್ಕದಾಗಬೇಕಾದರೆ 150 ಕಿಲೋಗೆ ಅಡ್ಡಲಾಗಿ ಒಂದು 1ಎನ್4148 ಡಯೋಡ್ ಬೇಕೇ ಬೇಕು. 555ರ ಸಪ್ಲೈಯನ್ನು ಬ್ಯಾಟರಿಯಿಂದ ನೇರವಾಗಿ ತೆಗೆಯಬೇಡಿ. ಅದು ತಡೆಯುವುದೇ ಹದಿನಾರು ವೋಲ್ಟ್ ಆಸುಪಾಸು, ಪಲ್ಸ್ ಹೊಡೆದರೆ ಐಸಿ ಹೋಗುತ್ತದೆ. 100 ಓಮ್ ರೆಸಿಸ್ಟರ್, ವೋಲ್ಟೇಜ್ ಮೇಲೇರದಂತೆ ಹಿಡಿಯುವ 15 ವೋಲ್ಟ್ ಝೀನರ್ ಡಯೋಡ್, ಪಕ್ಕದಲ್ಲೊಂದು ಕೆಪಾಸಿಟರ್ ಇದ್ದರೆ ಸಾಕು.

ಕಟ್ಟುವುದು ಒಂದು ಸಂಜೆಯ ಕೆಲಸ. ಸರಿ ಮಾಡುವುದೇ ನಿಜವಾದ ಕೆಲಸ.

ಮೊದಲ ಕಾಟ ಮಾಸ್‌ಫೆಟ್ ಬಿಸಿ. ಬೆರಳಿಟ್ಟರೆ ಚುರ್ ಅನ್ನುವಷ್ಟು. ಇಂಥ ಕಡೆ ಎಲ್ಲರೂ ಬಿಸಿ ಹೊರಹಾಕುವ ಲೋಹದ ಹೀಟ್ ಸಿಂಕ್ ದೊಡ್ಡದು ಮಾಡುತ್ತಾರೆ. ನಾನು ಕಾಯಿಲ್ ಮುಟ್ಟಿ ನೋಡಿದೆ, ಅದೂ ಕಾದಿತ್ತು. ಅಂಗಡಿಯಲ್ಲಿ ಸಿಗುವ ರೆಸಿಸ್ಟರ್ ಗಾತ್ರದ ಸಣ್ಣ ಕಾಯಿಲ್ ಮೇಲೆ 220 ಅಂತ ಬರೆದಿರುತ್ತದೆ ನಿಜ. ಅರ್ಧ ಆಂಪಿಯರ್ ದಾಟುವ ಮೊದಲೇ ಅದರ ಕೋರ್ (ಒಳಗಿನ ಕಾಂತೀಯ ತಿರುಳು) ಸ್ಯಾಚುರೇಟ್ ಆಗುತ್ತದೆ, ಅಂದರೆ ಇನ್ನು ಕಾಂತಶಕ್ತಿ ಹಿಡಿಯಲಾರದು. ಆಮೇಲೆ ಅದು ಬರೀ ತಂತಿ, ಕರೆಂಟ್ ಲಂಗುಲಗಾಮಿಲ್ಲದೆ ಏರುತ್ತದೆ. ಗುಜರಿಗೆ ಹೋಗಬೇಕಿದ್ದ ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿ, ಎಸ್‌ಎಂಪಿಎಸ್‌ನೊಳಗೆ ಹಳದಿ ಬಿಳಿ ಬಣ್ಣದ ಉಂಗುರದ ಕೋರ್ ಇರುತ್ತದೆ. ಅದರ ಮೇಲೆ ದಪ್ಪ ವೈಂಡಿಂಗ್ ವೈರ್ ಸುತ್ತಿದ ಮೇಲೆ ಬಿಸಿ ಅರ್ಧಕ್ಕರ್ಧ ಇಳಿಯಿತು.

ಉಳಿದ ಬಿಸಿ ಡಯೋಡಿನದ್ದು. ನಮ್ಮ ಕಡೆ ಅಂಗಡಿಯಲ್ಲಿ ಕೇಳಿದರೆ ಮೂರು ಆಂಪಿಯರ್ ಅಂತ 1ಎನ್5408 ಕೊಡುತ್ತಾರೆ. ಚಾರ್ಜರ್‌ನಲ್ಲಿ ಎಸಿಯನ್ನು ಡಿಸಿ ಮಾಡುವ ಬ್ರಿಜ್‌ಗೆ ಅದು ಸರಿ, ಇಲ್ಲಿಗೆ ಆಗುವುದಿಲ್ಲ. ಮಾಸ್‌ಫೆಟ್ ಮತ್ತೆ ಆನ್ ಆದಾಗ ಅದು ಬೇಗ ಮುಚ್ಚಿಕೊಳ್ಳುವುದಿಲ್ಲ. ಅಷ್ಟು ಹೊತ್ತು ಬ್ಯಾಟರಿಯ ಕರೆಂಟ್ ಹಿಂದಕ್ಕೆ ಹರಿದು ಎರಡನ್ನೂ ಕಾಯಿಸುತ್ತದೆ. ಬೇಗ ಮುಚ್ಚಿಕೊಳ್ಳುವ ಎಫ್‌ಆರ್302 ಅಥವಾ ಯುಎಫ್5408 ಹಾಕಿ.

ಪಲ್ಸ್ ಬರುತ್ತಿದೆಯೋ ಇಲ್ಲವೋ ಮಲ್ಟಿಮೀಟರ್ ಹೇಳುವುದಿಲ್ಲ. ಪಲ್ಸ್‌ನ ಆಕಾರ ತೋರಿಸುವ ಆಸಿಲೋಸ್ಕೋಪ್ ನನ್ನ ಹತ್ತಿರ ಇಲ್ಲ. ಹಳೇ ರೇಡಿಯೋವನ್ನು ಮೀಡಿಯಂ ವೇವ್‌ಗೆ ಹಾಕಿ, ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ ಹತ್ತಿರ ಹಿಡಿದೆ. ಗುಂಯ್ ಅಂತ ಒಂದೇ ಸಮ ಶಬ್ದ. ಆಗಸ್ಟ್‌ನ ಒಂದು ಸಂಜೆ ಆ ಗುಂಯ್ ಕೀರಲಾಗಿತ್ತು, ಮಾಸ್‌ಫೆಟ್ ಮತ್ತೆ ಬಿಸಿ. ಬೋರ್ಡ್ ತಿರುಗಿಸಿ ಟಾರ್ಚ್ ಬಿಟ್ಟರೆ ಸೋಲ್ಡರ್ ಫ್ಲಕ್ಸ್ ಅಂಟಂಟಾಗಿ, ಅಂಚಿನಲ್ಲಿ ತೆಳ್ಳಗೆ ಹಸಿರು ಕಟ್ಟಿತ್ತು. ಅಂಗಿಗೂ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಲ್ಲಿ ಬೋರ್ಡ್ ಬಿಡುತ್ತದೆಯೇ? ಆ ತೇವದಲ್ಲೇ ಕರೆಂಟ್ ಸೋರಿ, ಆಫ್ ಸಮಯ ತೀರ್ಮಾನಿಸುವ 150 ಕಿಲೋದ ಲೆಕ್ಕ ಕೆಟ್ಟಿತ್ತು, ಆಫ್ ಸಮಯ ಕಮ್ಮಿಯಾಗಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಬ್ರಷ್‌ನಿಂದ ತಿಕ್ಕಿ, ಒಣಗಿಸಿ, ವಾರ್ನಿಶ್ ಹೊಡೆದೆ. ಮತ್ತೆ ಆ ಕಾಟ ಬಂದಿಲ್ಲ.

ಇನ್ನೊಂದು ವಿಷಯ. ಈ ಬೋರ್ಡ್ ಬ್ಯಾಟರಿಯದ್ದೇ ಕರೆಂಟ್ ತಿನ್ನುವುದರಿಂದ ಜೊತೆಗೊಂದು ನಿಧಾನದ ಚಾರ್ಜರ್ ಬೇಕು. ಚಾರ್ಜರ್‌ನ ಔಟ್‌ಪುಟ್‌ನಲ್ಲಿ ದೊಡ್ಡ ಕೆಪಾಸಿಟರ್ ಇದ್ದರೆ ಪಲ್ಸನ್ನೆಲ್ಲ ಅದೇ ನುಂಗುತ್ತದೆ, ಮಧ್ಯೆ ಒಂದು ಚೋಕ್ (ಪಲ್ಸ್ ತಡೆಯುವ ಕಾಯಿಲ್) ಹಾಕಿ. ಬ್ಯಾಟರಿಗೆ ಹೋಗುವ ವೈರ್ ಗಿಡ್ಡ, ದಪ್ಪ ಇರಲಿ. ಕಿಟಕಿ ತೆರೆದಿಡಿ, ಚಾರ್ಜ್ ಆಗುವಾಗ ಬರುವುದು ಹೈಡ್ರೋಜನ್.

ಸುದ್ದಿ ಹಬ್ಬಿದ ಮೇಲೆ ಪಕ್ಕದ ತೋಟದ ಹುಡುಗ ಇನ್‌ವರ್ಟರ್ ಬ್ಯಾಟರಿಯನ್ನೇ ಜೀಪಿನಲ್ಲಿ ತಂದ. "ಅಣ್ಣ, ಇದನ್ನೂ ನಿಮ್ಮ ಮಿಷನ್‌ಗೆ ಹಾಕಿ ನೋಡಿ." ನಾನು ಮೊದಲು ಹೈಡ್ರೋಮೀಟರ್ ತೆಗೆದೆ, ಆಸಿಡ್‌ನ ಸಾಂದ್ರತೆ ಅಳೆದು ಚಾರ್ಜ್ ಎಷ್ಟಿದೆ ಅಂತ ತೋರಿಸುವುದು. ಐದು ಸೆಲ್ 1.200 ಆಸುಪಾಸು, ಆರನೆಯದು 1.120 ಕೂಡ ಇಲ್ಲ. ಅದರಿಂದ ಮೇಲೆ ಬಂದ ಆಸಿಡ್ ಕಂದು ಬಣ್ಣ, ಕೆಳಗೆ ಪುಡಿ. ಪ್ಲೇಟೇ ಉದುರಿದೆ. "ನೀರು ಏನು ಹಾಕ್ತಿದ್ದೆ?" ಅಂದೆ. "ಮಳೆ ನೀರು ಅಣ್ಣ, ಶುದ್ಧ ಅಲ್ವಾ?" ಶೀಟಿನಿಂದ ಇಳಿದ ನೀರು! ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬಾರದು ಅಂತ ಹೇಳಿ, ಬ್ಯಾಟರಿಯನ್ನು ಎಕ್ಸ್‌ಚೇಂಜ್‌ಗೆ ಕಳಿಸಿದೆ. ಇಂಥದ್ದಕ್ಕೆ ಪಲ್ಸ್ ಹೊಡೆದು ಕೂರುವುದು ಸುಮ್ನೆ ಕರೆಂಟ್ ದಂಡ.

ನನ್ನ ಬೇಲಿ ಬ್ಯಾಟರಿಗಳ ಕಥೆ ಬೇರೆ. ಎಲ್ಲ ಸೆಲ್ ಒಂದೇ ಸಮ ಇಳಿದಿದ್ದವು, ಆಸಿಡ್ ತಿಳಿಯಾಗಿತ್ತು. ಒಂದಕ್ಕೆ ಪಲ್ಸ್ ಮತ್ತು ನಿಧಾನ ಚಾರ್ಜ್, ಇನ್ನೊಂದಕ್ಕೆ ಬರೀ ನಿಧಾನ ಚಾರ್ಜ್ ಕೊಟ್ಟೆ. ಎರಡೂ ಎದ್ದವು. ಪಲ್ಸ್ ಹಾಕಿದ್ದು 1.250ರ ಮೇಲೆ ಬೇಗ ಬಂತು, ಬರೀ ಚಾರ್ಜ್‌ನದ್ದು ತಡವಾಗಿ ಹತ್ತಿರ ಬಂತು. ಒಂದು ಜೋಡಿ ನೋಡಿ ಪಲ್ಸ್‌ನ ಪವಾಡ ಅಂತ ಹೇಳಲು ನಾನು ತಯಾರಿಲ್ಲ. ಹೆಚ್ಚಿನ ಕೆಲಸ ಮಾಡಿದ್ದು ಕಮ್ಮಿ ಕರೆಂಟಿನ ಉದ್ದ ಚಾರ್ಜ್ ಅಂತಲೇ ನನ್ನ ಅನಿಸಿಕೆ.

ಈಗ ಮಳೆಗಾಲಕ್ಕೆ ಎರಡು ಬ್ಯಾಟರಿ ಇಟ್ಟುಕೊಂಡಿದ್ದೇನೆ. ಬೇಲಿಯಲ್ಲಿರುವುದು 12.2 ವೋಲ್ಟ್‌ಗೆ ಇಳಿದರೆ ಮನೆಗೆ ತಂದು, ಚಾರ್ಜ್ ಆಗಿ ಕೂತದ್ದನ್ನು ಅಲ್ಲಿಗೆ ಹಾಕುತ್ತೇನೆ. ಪಲ್ಸ್ ಬೋರ್ಡ್‌ಗೆ ಮೊದಲಿನಷ್ಟು ಕೆಲಸವಿಲ್ಲ.