ಪೊಟ್ಟಣದ ಹಿಂಬದಿ ಓದಿ, ಮಕ್ಕಳ ಡಬ್ಬಿ ಕಟ್ಟಿ

ಮುಂಬಯಿ ಬಳಿಯ ಡೊಂಬಿವಲಿಯಿಂದ ಬೆಳಗಿನ ಲೋಕಲ್ ರೈಲು ಹಿಡಿಯಬೇಕಾದ ಮನೆಗಳಲ್ಲಿ ಮಗುವಿನ ಡಬ್ಬಿಗೆ ಬಿಸ್ಕೆಟ್ಟೋ ಜ್ಯೂಸೋ ಸೇರಿಬಿಡುತ್ತದೆ. ಎಲ್ಲವನ್ನೂ ನಿಲ್ಲಿಸಿ ಎಂದರೆ ನಡೆಯುವ ಮಾತಲ್ಲ. ಕೊಳ್ಳುವ ಮುಂಚೆ ಪೊಟ್ಟಣ ತಿರುಗಿಸುವ ಅಭ್ಯಾಸ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಮುಂಭಾಗದಲ್ಲಿ 'ಆಟಾ' ಎಂದು ದಪ್ಪಕ್ಷರವಿದ್ದರೂ ಪಟ್ಟಿಯ ಮೊದಲ ಹೆಸರು ರಿಫೈನ್ಡ್ ವೀಟ್ ಫ್ಲೋರ್ ಆಗಿದ್ದರೆ ಅದು ಮೈದಾ ಬಿಸ್ಕೆಟ್ಟೇ. ಸಕ್ಕರೆ ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಎಂಬ ವೇಷಗಳಲ್ಲೂ ಬರುತ್ತದೆ. ಆದ್ದರಿಂದ ಪೋಷಕಾಂಶದ ಪಟ್ಟಿಯಲ್ಲಿ 'ಆಡೆಡ್ ಶುಗರ್ಸ್' ಸಾಲನ್ನೇ ನೋಡಿ.

ಲೆಕ್ಕ ಹೀಗೆ: 100 ಮಿ.ಲೀ.ಗೆ 12 ಗ್ರಾಂ ಸಕ್ಕರೆ ಎಂದಿದ್ದರೆ 200 ಮಿ.ಲೀ. ಜ್ಯೂಸ್ ಡಬ್ಬಿಯಲ್ಲಿ 24 ಗ್ರಾಂ, ಅಂದರೆ ಆರು ಟೀ ಚಮಚ. ಪಕ್ಕದ ಶೇಕಡಾ ಅಂಕಿ 48 ತೋರಿಸುತ್ತದೆ. ಅದು 2000 ಕ್ಯಾಲೊರಿ ತಿನ್ನುವ ದೊಡ್ಡವರ 50 ಗ್ರಾಂ ಮಿತಿಗೆ ಹಾಕಿದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ, ದಿನದ ಒಟ್ಟು ಕ್ಯಾಲೊರಿಯ ಶೇ. 10ರ ಮಿತಿಯಲ್ಲಿ 1400 ಕ್ಯಾಲೊರಿಯ ಮಗುವಿಗೆ ಇಡೀ ದಿನಕ್ಕೆ 35 ಗ್ರಾಂ. ಇನ್ನೂ ಒಳ್ಳೆಯದೆಂದು ಅದು ಸೂಚಿಸುವ ಶೇ. 5ಕ್ಕೆ ಹದಿನೇಳೂವರೆ ಗ್ರಾಂ ಮಾತ್ರ. ಉಪ್ಪು ತಿಳಿಯಲು ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿ.

ಮೈದಾ ಮಾಡುವಾಗ ಗೋಧಿಯ ತೌಡೂ ಮೊಳಕೆಯ ಭಾಗವೂ ಹೋಗುತ್ತವೆ. ಮೊಳಕೆಯಲ್ಲಿರುವ ಎಣ್ಣೆ ಕಮಟುತ್ತದೆ, ಅದಿಲ್ಲದಿದ್ದರೆ ಹಿಟ್ಟು ತಿಂಗಳುಗಟ್ಟಲೆ ಕೆಡದು. ನಾರು, ಕಬ್ಬಿಣ, ಬಿ ವಿಟಮಿನ್‌ಗಳ ಬಹುಪಾಲೂ ಜೊತೆಗೇ ಹೋಗುತ್ತದೆ. ಇಂಥದ್ದೇ ತಿಂದ ಮಕ್ಕಳಿಗೆ ಊಟದ ಹೊತ್ತಿಗೆ ಹಸಿವಿಲ್ಲ, ಬೆಳಗ್ಗೆ ಮಲಬದ್ಧತೆ.

ಮಾಲ್ಟ್ ಪುಡಿಯ ಬದಲು ರಾಗಿ ಅಂಬಲಿ ಮಾಡಿ. ಇಲ್ಲಿನ ಅಂಗಡಿಯಲ್ಲಿ ನಾಚಣಿ ಎಂದು ಕೇಳಿ. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂ.ಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. 15 ಗ್ರಾಂ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಕದಡಿ. ಕುದಿವ ಹಾಲಿಗೆ ನೇರ ಸುರಿದರೆ ಹೊರಪದರ ಮಾತ್ರ ಬೆಂದು, ಗಂಟಿನೊಳಗೆ ಹಸಿ ಹಿಟ್ಟು ಉಳಿಯುತ್ತದೆ. ಸಣ್ಣ ಉರಿಯಲ್ಲಿ ಆರೇಳು ನಿಮಿಷ ಕೈಯಾಡಿಸಿ; ಬಣ್ಣ ಗಾಢವಾಗಿ ಹೊಳಪು ಬಂದ ಮೇಲೆ ಅರ್ಧ ಲೋಟ ಹಾಲು ಹಾಕಿ ಒಂದು ಕುದಿ ಬರಿಸಿ. ಬೆಲ್ಲ ಒಂದೇ ಚಮಚ, ಅದೂ ಸಕ್ಕರೆಯೇ. ಮಗು ಒಲ್ಲೆ ಎಂದರೆ ಮೊದಲ ವಾರ ಎರಡು ಚಮಚ ಹಾಕಿ, ಆಮೇಲೆ ಕಾಲು ಚಮಚದಂತೆ ಇಳಿಸುತ್ತ ಬನ್ನಿ.

ಗೋಧಿಯನ್ನು ಗಿರಣಿಯಲ್ಲಿ ಬೀಸಿಸಿ, ತೌಡು ಜರಡಿಯಲ್ಲಿ ಎಸೆಯದಿರಿ. ಮುಂಬಯಿಯ ಮಳೆಗಾಲದಲ್ಲಿ ಮಾತ್ರ ಒಮ್ಮೆಗೆ ಎರಡು ಕಿಲೋ ಸಾಕು. ತೇವಕ್ಕೆ ಹಿಟ್ಟು ಬೇಗ ಮುಗ್ಗುತ್ತದೆ, ಹುಳುವೂ ಬೀಳುತ್ತದೆ.

ಅವಸರದ ದಿನಕ್ಕೆ ಕಾಂದಾಪೋಹೆ, ಅಂದರೆ ಈರುಳ್ಳಿ ಹಾಕಿದ ಅವಲಕ್ಕಿ ಸಾಕು: ಒಂದು ಹಿಡಿ ಶೇಂಗಾ ಹಾಕಿ, ಮೇಲೆ ನಿಂಬೆ ಹಿಂಡಿ. ನಿಂಬೆಯ ಸಿ ವಿಟಮಿನ್ ಅವಲಕ್ಕಿಯ ಕಬ್ಬಿಣ ಹೀರಲು ನೆರವಾಗುತ್ತದೆ. ಜೊತೆಗೆ ಚಹಾ ಕೊಟ್ಟರೆ ಆ ಲಾಭ ಕೈತಪ್ಪುತ್ತದೆ.